ನಾಲ್ಕನೆಯ ಸ್ಟ್ರೈಕ್‌ಔಟ್

ಹರಿಣಾಕ್ಷಿಯವರ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಹನ್ನೊಂದು ವರ್ಷ ನಾವು ಒಂದೇ ಆಫೀಸಿನಲ್ಲಿ, ನಡುವೆ ಒಂದು ಗಾಜಿನ ಗೋಡೆ ಇಟ್ಟುಕೊಂಡು ಕೂತಿದ್ದೆವು. ಆದರೂ ಅವರು ಹುಟ್ಟಿದ ದಿನ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಫೈಲಿನಿಂದ ಪಾಸ್‌ಪೋರ್ಟ್ ಪ್ರತಿ ತೆಗೆದು ನೋಡಬೇಕು. ಗೊತ್ತಿರುವಷ್ಟನ್ನು ಬರೆಯುತ್ತೇನೆ. ಅದರಲ್ಲಿ ನನ್ನ ಮರ್ಯಾದೆ ಹೋಗುವ ಸಂಗತಿಯೂ ಇದೆ, ಹೋಗಲಿ.

ನಮ್ಮ ಆಫೀಸು ದೋಹಾದ ವೆಸ್ಟ್ ಬೇಯ ಒಂದು ಟವರಿನ ಹನ್ನೆರಡನೆಯ ಮಹಡಿಯಲ್ಲಿದೆ. ವೆಸ್ಟ್ ಬೇ ಎಂದೊಡನೆ ಊರಿನವರು ಸಮುದ್ರ ಕಾಣುವ ಗಾಜಿನ ಕೋಣೆಯನ್ನು ಊಹಿಸಿಕೊಂಡು ಹೊಟ್ಟೆ ಉರಿಸಿಕೊಳ್ಳುತ್ತಾರೆ. ನಮ್ಮದು ಹಿಂಭಾಗ. ಕಿಟಕಿಯಲ್ಲಿ ಕಾಣುವುದು ಎದುರು ಕಟ್ಟಡದ ಎ.ಸಿ. ಪೆಟ್ಟಿಗೆಗಳು. ಮೆಸಯೀದ್ ಬಂದರಿಗೆ ಬಂದುಹೋಗುವ ಸರಕಿನ ಕಾಗದಪತ್ರಗಳನ್ನು ಕಂಪ್ಯೂಟರಿಗೆ ಏರಿಸುವುದು ನಮ್ಮ ಹೊಟ್ಟೆಪಾಡು. ನಾನು ಮ್ಯಾನೇಜರು, ಅಂದರೆ ಬೈಯುವವನು. ಬೈಸಿಕೊಳ್ಳುವವರು ಐದು ಜನ.

ಆರು ವರ್ಷಗಳ ಹಿಂದೆ ನಮ್ಮ ಮಾಲೀಕರು ಎಲ್ಲಿಂದಲೋ ಒಂದು ಅಮೆರಿಕದ ಕೆಲಸ ಹಿಡಿದುಕೊಂಡು ಬಂದರು. ಅಲ್ಲಿನ ಬೇಸ್‌ಬಾಲ್ ಆಟದ ಹಳೆಯ ದಾಖಲೆ ಕೂಡಿಡುವ ಕಂಪನಿಯಂತೆ. ಸಂಬಳಕ್ಕೆ ಆಡುತ್ತಿದ್ದ ಸಣ್ಣಪುಟ್ಟ ಲೀಗುಗಳ ಸ್ಕೋರ್ ಹಾಳೆಗಳನ್ನು ಅವರು ಸ್ಕ್ಯಾನ್ ಮಾಡಿ ಕಳಿಸುತ್ತಾರೆ. ನಾವು ಒಬ್ಬೊಬ್ಬ ಬ್ಯಾಟರನ ಗತಿ ಏನಾಯಿತು, ಓಡಿ ಫಸ್ಟ್ ಬೇಸ್ ಎಂಬ ಮೊದಲ ಠಾಣೆ ಮುಟ್ಟಿದನೋ ಔಟಾದನೋ ಎಂದು ನೋಡಿ ತುಂಬಬೇಕು. ಅದರಲ್ಲೂ ಅವರಿಗೆ ಬೇಕಾದದ್ದು ಸ್ಟ್ರೈಕ್‌ಔಟ್. ಮೂರು ಸಲ ಬ್ಯಾಟು ಬೀಸಿ ತಪ್ಪಿದವನು, ಅಥವಾ ಒಳ್ಳೆಯ ಬಾಲನ್ನು ಸುಮ್ಮನೆ ನೋಡುತ್ತ ನಿಂತವನು, ಔಟ್. ಹೀಗೆ ಔಟಾದವರು ಯಾರು, ಔಟ್ ಮಾಡಿದ ಪಿಚರ್, ಅಂದರೆ ಬಾಲು ಎಸೆದವನು, ಯಾರು, ಯಾವ ಊರಲ್ಲಿ, ಯಾವ ದಿನ, ಇದರ ಪೂರ್ತಿ ಚರಿತ್ರೆ ಕಟ್ಟಲು ಹೊರಟಿದ್ದರು. ನೂರು ವರ್ಷದ ಹಿಂದೆ ಯಾರೋ ಬ್ಯಾಟು ಬೀಸಿ ತಪ್ಪಿದ್ದನ್ನು ಕತಾರಿನಲ್ಲಿ ಕೂತು ಬರೆಯಬೇಕಾದ ನಮ್ಮ ಹಣೆಬರಹ ನೋಡಿ ನಾನು ನಕ್ಕೆ. ಮಿಕ್ಕವರು ಮೂಗು ಮುರಿದರು. ಸರ್ಫರಾಝ್ ಅಂತೂ, "ಸರ್, ಕ್ರಿಕೆಟ್ ಆದ್ರೆ ಕೊಡಿ, ಇದು ಮಾಫಿ, ಬೇಡ" ಎಂದು ಕೈ ಎತ್ತಿಬಿಟ್ಟ. ಹರಿಣಾಕ್ಷಿ ಮಾತ್ರ ಒಂದು ಹಾಳೆಯನ್ನು ಕೈಗೆ ತೆಗೆದುಕೊಂಡು, ತುಂಬ ಹೊತ್ತು ನೋಡಿ, "ನಾನು ಮಾಡ್ತೇನೆ ಸರ್, ಸ್ಕೋರ್ ಬರೆದು ಅಭ್ಯಾಸ ಉಂಟು" ಎಂದರು.

ಅವರು ಕಿನ್ನಿಗೋಳಿ ಕಡೆಯವರು. ಅವರ ಅಣ್ಣ ಕೊರಗ ಎಂಬವರು ಅಂಡರ್‌ಆರ್ಮ್ ಕ್ರಿಕೆಟ್ ತಂಡ ಕಟ್ಟಿಕೊಂಡು ಊರೂರು ತಿರುಗುತ್ತಿದ್ದರಂತೆ. ಕರಾವಳಿಯ ಹೊರಗಿನವರಿಗೆ ಇದು ಅರ್ಥವಾಗುವುದು ಕಷ್ಟ: ಕೈ ಮೇಲೆತ್ತದೆ ಸೊಂಟದ ಕೆಳಗಿನಿಂದ ಬಾಲು ಎಸೆಯುವ ಆಟಕ್ಕೆ ನಮ್ಮಲ್ಲಿ ಟ್ರೋಫಿ, ಮೈಕು, ಜಗಳ ಎಲ್ಲ ಉಂಟು. ಹದಿನಾರರ ಹರಿಣಾಕ್ಷಿ ಮೇಜಿನ ಮುಂದೆ ಕೂತು ಸ್ಕೋರ್ ಬರೆಯುತ್ತಿದ್ದರು. ಗಂಡಸರು ಎಷ್ಟು ಕೂಗಾಡಿದರೂ ಕೊನೆಗೆ, ಕೊರಗಣ್ಣನ ತಂಗಿ ಬರೆದದ್ದೇ ಸರಿ ಎಂದು ತೀರ್ಮಾನವಾಗುತ್ತಿತ್ತಂತೆ. ಮದುವೆಯಾಗಲಿಲ್ಲ. ಏಕೆ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಮೂವತ್ತೊಂದಕ್ಕೆ ಟೈಪಿಸ್ಟಾಗಿ ದೋಹಾಕ್ಕೆ ಬಂದರು. ಬಂದ ಏಳನೆಯ ವರ್ಷ ಅಣ್ಣ ತೀರಿಕೊಂಡರು. ಅಣ್ಣನ ಮಗಳು ಅಶ್ವಿತಾ ಹಬ್ಬಕ್ಕೊಮ್ಮೆ ವಾಟ್ಸಾಪಿನಲ್ಲಿ ಹೂವಿನ ಚಿತ್ರ ಕಳಿಸುತ್ತಾಳೆ. ಇವರು ಅದಕ್ಕೆ ಉದ್ದವಾಗಿ ಉತ್ತರ ಬರೆಯುತ್ತಾರೆ, ಆ ಕಡೆಯಿಂದ ಕೈ ಮುಗಿದ ಒಂದು ಗುರುತು ಬರುತ್ತದೆ.

ಕೆಲಸ ಕಲಿಸಿದ್ದು ನಾನು. ಕಂಪನಿಯವರು ಎಂಬತ್ತು ಪುಟದ ಸೂಚನೆ ಕಳಿಸಿದ್ದರು. ನಾನು ಇಪ್ಪತ್ತು ಪುಟ ಓದಿ, ಇಷ್ಟೇ ತಾನೇ, ನಮ್ಮ ಕ್ರಿಕೆಟಿನ ದಾಯಾದಿ ಎಂದುಕೊಂಡು ಮುಚ್ಚಿಟ್ಟೆ. ಮೊದಲ ವಾರದಲ್ಲೇ ಹರಿಣಾಕ್ಷಿ ಒಂದು ಹಾಳೆ ತಂದು ಕೇಳಿದರು.

"ಸರ್, ಇಲ್ಲಿ ನೋಡಿ. ಇವನಿಗೆ ಸ್ಟ್ರೈಕ್‌ಔಟ್ ಗುರ್ತು ಹಾಕಿದ್ದಾರೆ. ಆದ್ರೆ ಫಸ್ಟ್ ಬೇಸಿಗೆ ಗೆರೆಯೂ ಎಳೆದಿದ್ದಾರೆ. ಔಟಾದವ ಓಡುದು ಹೇಗೆ?"

"ಕೀಪರ್ ಬಾಲ್ ಬಿಟ್ಟಿರ್ತಾನೆ ಮಾರಾಯ್ರೆ, ಇವ ಓಡಿರ್ತಾನೆ. ನಮ್ಮಲ್ಲಿ ಬೈಸ್ ಓಡುದಿಲ್ವಾ? ಅದೇ ಇದು. ಬೈಸ್ ಓಡಿದ್ರೆ ಬೌಲರಿಗೆ ವಿಕೆಟ್ ಸಿಕ್ತದಾ?"

"ಇಲ್ಲ."

"ಮತ್ತೆ? ಸ್ಟ್ರೈಕ್‌ಔಟ್ ಬಾಕ್ಸ್ ಖಾಲಿ ಬಿಡಿ. ಬೇಸ್ ಮುಟ್ಟಿದ ಅಂತ ಹಾಕಿ. ಖಲಾಸ್."

"ನೀವು ಹೇಳಿದ್ರೆ ಸರಿಯೇ ಸರ್" ಎಂದು ಪುಟ್ಟ ಪುಸ್ತಕದಲ್ಲಿ ಬರೆದುಕೊಂಡು ಹೋದರು. ಆಮೇಲೆ ಆ ಪ್ರಶ್ನೆ ಮತ್ತೆ ಬರಲಿಲ್ಲ.

ಆ ಕೆಲಸಕ್ಕೆ ಅವರು ಹೇಗೆ ಅಂಟಿಕೊಂಡರೆಂದರೆ, ಊಟದ ಹೊತ್ತಿನಲ್ಲಿ ನನ್ನ ಕೋಣೆಗೆ ಚಹಾ ತರುವ ನೆಪದಲ್ಲಿ ಬಂದು ವರದಿ ಒಪ್ಪಿಸುತ್ತಿದ್ದರು. ಶುರುವಿನ ಕಾಲದಲ್ಲಿ ಅಲ್ಲಿಯೂ ಅಂಡರ್‌ಆರ್ಮೇ ಅಂತೆ, ಕೈ ಮೇಲೆತ್ತಿ ಎಸೆಯುವುದು ತಪ್ಪಂತೆ. ಬ್ಯಾಟರು ನನಗೆ ಎತ್ತರದ ಬಾಲು ಬೇಕು, ತಗ್ಗಿನ ಬಾಲು ಬೇಕು ಎಂದು ಕೇಳಿ ಹಾಕಿಸಿಕೊಳ್ಳಬಹುದಿತ್ತಂತೆ. ಅಂಥ ಉಪಚಾರದಲ್ಲೂ ಸ್ಟ್ರೈಕ್‌ಔಟಾದರೆ ಊರಿಗೆ ಮುಖ ತೋರಿಸುವ ಹಾಗಿರಲಿಲ್ಲ. ಒಬ್ಬ ಮಹಾಶಯ ಒಂದು ವರ್ಷ ಪೂರ್ತಿ ಆಡಿ ಮೂರೇ ಸಲ ಸ್ಟ್ರೈಕ್‌ಔಟಾಗಿದ್ದ. ಈಗಿನವರು ಒಂದೇ ವರ್ಷ ಇನ್ನೂರು ಸಲ ಆಗುತ್ತಾರೆ, ಯಾರೂ ಏನೂ ಅನ್ನುವುದಿಲ್ಲ. ಒಂದು ಬಾಲು ಗ್ಯಾಲರಿಗೆ ಹೋದರೆ ಸಾಕು. ೨೦೧೮ರಲ್ಲಿ ಇಡೀ ದೊಡ್ಡ ಲೀಗಿನಲ್ಲಿ ಒಟ್ಟು ಹಿಟ್‌ಗಳಿಗಿಂತ ಸ್ಟ್ರೈಕ್‌ಔಟೇ ಜಾಸ್ತಿಯಾಯಿತು, ಮೊದಲ ಸಲ.

"ಮೊದಲಿನವರಿಗೆ ನಾಚಿಕೆ ಇತ್ತು ಸರ್. ಔಟಾಗಿ ಹೋಗುವಾಗ ಅವರ ಮುಖ ನನಗೆ ಕಾಣ್ತದೆ" ಎನ್ನುತ್ತಿದ್ದರು.

"ನಿಮಗೆ ಮುಖ ಕಾಣುದು, ನನಗೆ ಮೆಸಯೀದಿನ ಪೆಂಡಿಂಗ್ ಫೈಲ್ ಕಾಣುದು. ಯಲ್ಲಾ, ಹೋಗಿ" ಎಂದು ನಾನು ಓಡಿಸುತ್ತಿದ್ದೆ. ಅವರು ನಕ್ಕು ಹೋಗುತ್ತಿದ್ದರು. ಬೇಸರವಾಗುತ್ತಿತ್ತೋ ಏನೋ, ಆ ನಗುವಿನಲ್ಲಿ ತಿಳಿಯುತ್ತಿರಲಿಲ್ಲ.

ಅವರು ಇದ್ದದ್ದು ಅಲ್ ಥುಮಾಮಾದಲ್ಲಿ. ಒಂದು ವಿಲ್ಲಾವನ್ನು ಪ್ಲೈವುಡ್ಡಿನಿಂದ ತುಂಡು ಮಾಡಿ ಹೆಂಗಸರಿಗೆ ಕೊಟ್ಟಿದ್ದರು, ಅದರಲ್ಲೊಂದು ತುಂಡು. ವಿಮಾನ ಇಳಿಯುವಾಗ ಪಾತ್ರೆಗಳು ಗಲಗಲ ಅಲ್ಲಾಡುತ್ತವೆ ಎನ್ನುತ್ತಿದ್ದರು. ಅಲ್ಲಿ ಒಂಬತ್ತು ವರ್ಷ ಪಕ್ಕದ ತುಂಡಿನಲ್ಲಿದ್ದ ಬರ್ನಡೆಟ್ ಎಂಬ ಮಂಗಳೂರಿನ ನರ್ಸು ಎರಡು ವರ್ಷದ ಹಿಂದೆ ಕೆಲಸ ಬಿಟ್ಟು ಊರಿಗೆ ಹೋದರು. ಅವರ ಜಾಗಕ್ಕೆ ಬಂದ ಹುಡುಗಿಯರು ಆರು ತಿಂಗಳಿಗೊಬ್ಬರಂತೆ ಬದಲಾದರು. ಹೆಸರು ಕಲಿಯುವಷ್ಟರಲ್ಲಿ ಹೋಗಿರುತ್ತಿದ್ದರು. ಒಂದು ಭಾನುವಾರ, ಅಂದರೆ ಶುಕ್ರ ಶನಿ ರಜೆ ಮುಗಿದ ನಮ್ಮ ವಾರದ ಮೊದಲ ದಿನ, ಹರಿಣಾಕ್ಷಿ ಗುಡ್ ಮಾರ್ನಿಂಗ್ ಎಂದಾಗ ಗಂಟಲು ಕಟ್ಟಿಕೊಂಡ ಹಾಗಿತ್ತು. ಶೀತವಾ ಎಂದೆ. "ಇಲ್ಲ ಸರ್. ಗುರುವಾರ ಇಲ್ಲಿಂದ ಹೋದ ಮೇಲೆ ಮಾತಾಡಿದ್ದು ಈಗಲೇ, ಅದಕ್ಕೆ" ಎಂದರು. ತಮಾಷೆಯ ಹಾಗೆ ಹೇಳಿದ್ದು. ನನಗೆ ಮಾತ್ರ ಸಿಟ್ಟು ಬಂತು. ಇಂಥದ್ದನ್ನು ಬೆಳಿಗ್ಗೆ ಬೆಳಿಗ್ಗೆ ಹೇಳಿ ಮನುಷ್ಯನ ತಲೆ ಕೆಡಿಸಬಾರದು ಎಂದುಕೊಂಡು ಫೈಲು ತೆರೆದೆ. ಮನೆಗೆ ಒಮ್ಮೆ ಊಟಕ್ಕೆ ಕರೆಯಬಹುದಿತ್ತು. ನನ್ನ ಹೆಂಡತಿ ಎರಡು ಸಲ ಹೇಳಿದ್ದಳು ಕೂಡ.

ಕಳೆದ ಮಾರ್ಚಿನಲ್ಲಿ ಅಮೆರಿಕದ ಕಂಪನಿಯಿಂದ ಒಂದು ವಿಚಾರಣೆ ಬಂತು. ದಾಖಲೆ ಸರಿಯಿಲ್ಲ ಎಂದು ಯಾರಾದರೂ ಬರೆದರೆ ಅದನ್ನು ನಮಗೆ ದಾಟಿಸುವುದು ಕ್ರಮ. ಹರಿಣಾಕ್ಷಿ ಹಾಳೆ ನೋಡಿ "ಪರಿಶೀಲಿಸಲಾಗಿದೆ, ಬದಲಾವಣೆ ಇಲ್ಲ" ಎಂದು ಉತ್ತರಿಸುವುದೂ ಕ್ರಮ. ಈ ಸಲ ಬರೆದವರು ಐಯೋವಾ ರಾಜ್ಯದ ಆರ್ಲೀನ್ ಎಂಬ ಎಂಬತ್ತಾರರ ಹೆಂಗಸು. ಆಕೆಯ ತಂದೆ ವೆಂಡೆಲ್, ೧೯೩೭ರ ಬೇಸಗೆಯಲ್ಲಿ ಒಂದು ಸಣ್ಣ ಲೀಗಿನಲ್ಲಿ ಪಿಚರ್. ಒಂದೇ ಇನಿಂಗ್ಸಿನಲ್ಲಿ ನಾಲ್ಕು ಜನರನ್ನು ಸ್ಟ್ರೈಕ್‌ಔಟ್ ಮಾಡಿದ್ದೆ ಎಂದು ಆತ ಸಾಯುವವರೆಗೂ ಹೇಳುತ್ತಿದ್ದನಂತೆ. ಬೇಸ್‌ಬಾಲಿನಲ್ಲಿ ಮೂರು ಜನ ಔಟಾದರೆ ಇನಿಂಗ್ಸೇ ಮುಗಿಯಿತಲ್ಲ, ನಾಲ್ಕನೆಯವನು ಎಲ್ಲಿಂದ ಬಂದ ಎಂದು ಮಕ್ಕಳು ನಗುತ್ತಿದ್ದರಂತೆ. ನಿಮ್ಮ ದಾಖಲೆಯಲ್ಲೂ ಮೂರೇ ಇದೆ, ಒಮ್ಮೆ ಮೂಲ ಹಾಳೆಯನ್ನು ನೋಡುತ್ತೀರಾ ಎಂದು ಕೇಳಿದ್ದಳು.

ಹರಿಣಾಕ್ಷಿ ಹಾಳೆ ನೋಡಿದರು. ನಾಲ್ಕು ಗುರುತುಗಳಿದ್ದವು. ಮೂರನೆಯವನ ಗುರುತಿನ ಪಕ್ಕ ಫಸ್ಟ್ ಬೇಸಿಗೆ ಒಂದು ಗೆರೆ. ಆಗ ಅವರು, ನಾನು ಓದದೆ ಮುಚ್ಚಿಟ್ಟಿದ್ದ ಸೂಚನೆಯ ಅರುವತ್ತು ಪುಟಗಳನ್ನು ಓದಿದರು. ಅಲ್ಲಿ ಸ್ಪಷ್ಟವಾಗಿ ಬರೆದಿತ್ತು: ಮೂರನೆಯ ಸಲ ತಪ್ಪಿದ ಬಾಲನ್ನು ಕ್ಯಾಚರ್, ಅಂದರೆ ಅಲ್ಲಿನ ಕೀಪರ್, ಹಿಡಿಯದೆ ಬಿಟ್ಟರೆ ಬ್ಯಾಟರು ಓಡಿ ಬೇಸ್ ಮುಟ್ಟಿ ಉಳಿದುಕೊಳ್ಳಬಹುದು; ಆದರೂ ಪಿಚರನ ಹೆಸರಿಗೆ ಆ ಸ್ಟ್ರೈಕ್‌ಔಟ್ ಸೇರಲೇಬೇಕು. ಎಂದರೆ ವೆಂಡೆಲ್ ಸುಳ್ಳು ಹೇಳಿರಲಿಲ್ಲ. ನಾಲ್ಕನೆಯದನ್ನು ನುಂಗಿ ಹಾಕಿದ್ದು ನಮ್ಮ ಬೈಸ್. ಆರು ವರ್ಷಗಳಲ್ಲಿ ಅಂಥ ಎಷ್ಟು ಹಾಳೆಗಳು ಅವರ ಕೈಯಲ್ಲಿ ದಾಟಿದ್ದವೋ.

ನನ್ನ ಕೋಣೆಗೆ ಬಂದು ನಿಂತರು. ಕೈಯಲ್ಲಿ ಆ ಹಾಳೆ, ಸೂಚನೆಯ ಪುಟ ಎರಡೂ ಇದ್ದವು.

"ಸರ್, ನಾವು ತಪ್ಪು ಬರೆದಿದ್ದೇವೆ. ಎಲ್ಲ ಕಡೆ."

ನಾನು ಓದಿದೆ, ಎರಡು ಸಲ. ಮುಂದಿನ ತಿಂಗಳು ಆ ಕಂಪನಿ ಒಪ್ಪಂದ ಮುಂದುವರಿಸುವುದಿತ್ತು. ತಪ್ಪಿನ ಪ್ರಮಾಣ ಇಷ್ಟಕ್ಕಿಂತ ಹೆಚ್ಚಾದರೆ ಒಪ್ಪಂದ ರದ್ದು ಎಂದು ಅದರಲ್ಲೇ ಬರೆದಿತ್ತು.

"ಬಾಗಿಲು ಹಾಕಿ" ಎಂದೆ. "ಯಾರಿಗೆ ಗೊತ್ತು ಇದು?"

"ನಿಮಗೆ, ನನಗೆ."

"ಹಾಗಾದ್ರೆ ಇಲ್ಲಿಗೇ ಇರ್ಲಿ. ಬದಲಾವಣೆ ಇಲ್ಲ ಅಂತ ಕಳ್ಸಿ. ಒಂದು ತಿದ್ದಿದ್ರೆ ಆರು ವರ್ಷದ್ದು ಎಲ್ಲ ಬಿಚ್ಚಿ ನೋಡ್ತಾರೆ ಅವ್ರು. ಕಾಂಟ್ರಾಕ್ಟ್ ಹೋಗ್ತದೆ. ಬೇರೆಯವರು ಮೆಸಯೀದ್ ಕೆಲಸ ಮಾಡ್ತಾರೆ, ಬಚಾವ್. ನಿಮಗೆ ಈ ಕೆಲಸ ಒಂದೇ. ಐವತ್ತಮೂರಕ್ಕೆ ಇಲ್ಲಿ ಯಾರು ಕೆಲಸ ಕೊಡ್ತಾರೆ ನಿಮಗೆ? ಊರಲ್ಲಿ ಯಾರಿದ್ದಾರೆ?"

"ಯಾರೂ ಇಲ್ಲ ಸರ್."

"ಮತ್ತೆ?"

ಅವರು ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟರು. "ಅವಳು ಕೇಳಿದ್ದು ಅಪ್ಪ ಸುಳ್ಳು ಹೇಳಿದ್ನಾ ಅಂತ. ಹೌದು, ಸುಳ್ಳು ಹೇಳಿದ್ದ ಅಂತ ನಾನು ಬರೆಯುದು ಹೇಗೆ? ನನ್ನ ಎದುರೇ ಹಾಳೆ ಉಂಟು."

"ಸತ್ತು ಹೋದ ಮನುಷ್ಯ ಮಾರಾಯ್ರೆ!"

"ಹೌದು. ಅವನಿಗೆ ಬಂದು ಹೇಳ್ಲಿಕ್ಕೆ ಆಗುದಿಲ್ಲ" ಎಂದರು.

ನಾನು ಇನ್ನಷ್ಟು ಬೈದೆ. ಅವರು ಕೇಳಿಸಿಕೊಂಡರು, ಹೋಗಿ ಕೂತರು, ಮಧ್ಯಾಹ್ನದ ಊಟ ಮಾಡಲಿಲ್ಲ. ಗಾಜಿನಾಚೆ ನೋಡಿದಾಗಲೆಲ್ಲ ಅದೇ ಹಾಳೆ ಪರದೆಯ ಮೇಲಿತ್ತು. ಮೂರು ಗಂಟೆಗೆ ಮೇಲ್ ಕಳಿಸಿದರು. ವೆಂಡೆಲನ ಲೆಕ್ಕ ನಾಲ್ಕು, ಇದೇ ತಪ್ಪು ಇನ್ನೂ ಅನೇಕ ಕಡೆ ಇದೆ, ತಿದ್ದಿಕೊಡಲು ಸಿದ್ಧಳಿದ್ದೇನೆ ಎಂದು.

ಕಂಪನಿಯವರು ಎರಡು ದಿನ ಬಿಟ್ಟು ಉತ್ತರಿಸಿದರು. ಈ ತಪ್ಪು ಹೇಗೆ ನಡೆಯಿತು, ತರಬೇತಿಯಲ್ಲಿ ದೋಷವಿತ್ತೇ ಎಂದು ಕೇಳಿದ್ದರು. ಹರಿಣಾಕ್ಷಿ ಒಂದೇ ಸಾಲು ಬರೆದರು: ನಾನು ಸೂಚನೆಯನ್ನು ಸರಿಯಾಗಿ ಓದಿರಲಿಲ್ಲ, ತಪ್ಪು ನನ್ನದು. ಅದರ ಪ್ರತಿ ನನಗೂ ಬಂತು. ನಾನು ಉತ್ತರದ ಕಿಟಕಿ ತೆರೆದೆ. "ಕಲಿಸಿದವನು ನಾನು" ಎಂದು ಟೈಪು ಮಾಡಿದೆ. ಮಗಳು ನಿಶ್ಮಿತಾಳ ಶಾಲೆಯಿಂದ ಬಂದ ಮೆಸೇಜು ಆ ಹೊತ್ತಿಗೇ ಟಿಂಗ್ ಎಂದಿತು. ಮಗಳಿಗೆ ಇನ್ನೂ ನಾಲ್ಕು ವರ್ಷದ ಓದು ಇಲ್ಲೇ ಆಗಬೇಕು ಎಂದು ನೆನಪಾಯಿತು. ಬರೆದದ್ದನ್ನು ಅಳಿಸಿದೆ. ಅದಕ್ಕೆ ಮಗಳನ್ನು ನೆಪ ಮಾಡುವುದೂ ಬೇಡ. ನನಗೆ ಹೆದರಿಕೆಯಾಯಿತು, ಅಷ್ಟೇ.

ಒಪ್ಪಂದ ಹೋಯಿತು. ತಿದ್ದುವ ಕೆಲಸವನ್ನು ಅವರು ತಾವೇ ಮಾಡಿಕೊಳ್ಳುತ್ತಾರಂತೆ. ಮಾಲೀಕರು ನನ್ನನ್ನು ಕರೆದು, ತಪ್ಪು ಯಾರದು ಎಂದು ಕೇಳಿದರು. ನಾನು ಆ ಮೇಲ್ ತೋರಿಸಿದೆ. "ಖಲಾಸ್, ತಿಂಗಳ ಕೊನೆಗೆ ಕಳಿಸಿ" ಎಂದರು. ಬಿಡುಗಡೆಯ ಕಾಗದ ತಯಾರು ಮಾಡುವವನು ನಾನೇ.

ಅದನ್ನು ಮುಂದೂಡುತ್ತ ಹೋದೆ. ಕೊನೆಗೆ ಒಂದು ಬುಧವಾರ ಸಂಜೆ ನಾಲ್ಕಕ್ಕೆ ಪ್ರಿಂಟ್ ತೆಗೆದುಕೊಂಡು ಹೊರಟೆ. ಅದೇ ಹೊತ್ತಿಗೆ ಆಫೀಸಿನ ಫೋನು ಹೊಡೆದುಕೊಂಡಿತು. ಸರ್ಫರಾಝ್ ಎತ್ತಿ, "ಮೇಡಂ, ಅಮೆರಿಕದಿಂದ ಯಾರೋ ಲೇಡಿ, ನಿಮಗೇ ಅಂತೆ" ಎಂದ. ಹನ್ನೊಂದು ವರ್ಷದಲ್ಲಿ ಆ ಫೋನಿನಲ್ಲಿ ಅವರನ್ನು ಕೇಳಿಕೊಂಡು ಬಂದ ಮೊದಲ ಕರೆ ಅದು. ಅವರು ಗಾಬರಿಯಾದರು. ಅಮೆರಿಕದ ಇಂಗ್ಲಿಷ್ ಅರ್ಥವಾಗದಿದ್ದರೆ ಎಂದು ಸ್ಪೀಕರ್ ಒತ್ತಿದರು. ನಾನು ಬಾಗಿಲಲ್ಲಿ ನಿಂತೆ. ಅವರ ಮಾತು ಇಂಗ್ಲಿಷಿನಲ್ಲಿ ನಡೆಯಿತು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಆರ್ಲೀನ್ ಕಂಪನಿಯವರನ್ನು ಪೀಡಿಸಿ ನಮ್ಮ ನಂಬರು ತೆಗೆದುಕೊಂಡಿದ್ದಳು. ಅಲ್ಲಿ ಬೆಳಿಗ್ಗೆ ಎಂಟು ಗಂಟೆ. "ನಿಮ್ಮ ಮುಂದೆ ಆ ಹಾಳೆ ಇದೆಯೇ? ನನ್ನ ಕಣ್ಣು ಮಂಜಾಗಿದೆ, ಹಳೆಯ ಕೈಬರಹ ಕಾಣುವುದಿಲ್ಲ. ಸ್ವಲ್ಪ ಓದಿ ಹೇಳುತ್ತೀರಾ?" ಎಂದಳು.

ಹರಿಣಾಕ್ಷಿ ನಿಧಾನವಾಗಿ ಓದಿದರು. ಐದನೆಯ ಇನಿಂಗ್ಸ್. ಮೊದಲನೆಯವನು ಬೀಸಿ ತಪ್ಪಿದ, ಔಟ್. ಎರಡನೆಯವನು ಬೀಸಲೇ ಇಲ್ಲ, ಔಟ್. ಮೂರನೆಯವನು ಬೀಸಿ ತಪ್ಪಿದ, ಕ್ಯಾಚರ್ ಬಾಲು ಬಿಟ್ಟ, ಬ್ಯಾಟರು ಓಡಿ ಉಳಿದುಕೊಂಡ. ಆದರೂ ನಿಮ್ಮ ತಂದೆಯ ಹೆಸರಿಗೆ ಮೂರನೆಯ ಸ್ಟ್ರೈಕ್‌ಔಟ್. ಆಮೇಲೆ ಬಂದವನೂ ಬೀಸಿ ತಪ್ಪಿದ. ನಾಲ್ಕು.

ಆ ಕಡೆಯಿಂದ ಮುದುಕಿ ಒಂದರಿಂದ ನಾಲ್ಕರವರೆಗೆ ಮತ್ತೆ ಎಣಿಸುವುದು ಕೇಳಿಸಿತು.

"ಕ್ಯಾಚರ್ ಬಿಟ್ಟ ಎಂದು ಅಪ್ಪ ಒಂದು ದಿನವೂ ಹೇಳಲಿಲ್ಲ" ಎಂದಳು ಆರ್ಲೀನ್. "ಕ್ಯಾಚರ್ ಅವನ ಗೆಳೆಯ. ಗೆಳೆಯನ ಹೆಸರು ಕೆಡಬಾರದೆಂದು ಹೇಳಿರಲಿಕ್ಕಿಲ್ಲ. ನಾವು ಊಟಕ್ಕೆ ಕೂತಾಗಲೆಲ್ಲ ನಾಲ್ಕು ಬೆರಳು ತೋರಿಸಿ ನಗುತ್ತಿದ್ದೆವು. ನನ್ನ ತಮ್ಮ ಡೀನ್ ಎಲ್ಲರಿಗಿಂತ ಜೋರಾಗಿ. ಈಗ ಇದನ್ನು ಯಾರಿಗೆ ಹೇಳಲಿ? ಡೀನ್ ಹೋಗಿ ಆರು ವರ್ಷವಾಯಿತು. ನಕ್ಕವರಲ್ಲಿ ಉಳಿದಿರುವುದು ನಾನೊಬ್ಬಳೇ."

ಹರಿಣಾಕ್ಷಿಯವರು ಫೋನಿಗೆ ಇನ್ನಷ್ಟು ಬಗ್ಗಿದರು.

"ನನಗೆ ಹೇಳಿ" ಎಂದರು. "ಡೀನಿಗೆ ಹೇಳಬೇಕಾದ್ದನ್ನು ನನಗೆ ಹೇಳಿ. ನಾನು ಕೇಳುತ್ತೇನೆ."

ಮುದುಕಿ ಮೊದಲು ನಕ್ಕಳು. ಆಮೇಲೆ ದನಿ ಬದಲಾಯಿತು. "ಡೀನ್, ಅಪ್ಪ ಹೇಳಿದ್ದು ನಿಜ ಕಣೋ. ನಾಲ್ಕು ಜನರನ್ನು ಔಟ್ ಮಾಡಿದ್ದ. ನಾವು ಹಾಗೆ ನಗಬಾರದಿತ್ತು."

"ಹೌದು ಅಕ್ಕ" ಎಂದರು ಹರಿಣಾಕ್ಷಿ. "ನಗಬಾರದಿತ್ತು."

ಸರ್ಫರಾಝ್ ಎದ್ದು ಹೊರಗೆ ಹೋದ. ನನಗೂ ಹೋಗಬೇಕೆನಿಸಿತು, ಹೋಗಲಿಲ್ಲ. ಆರ್ಲೀನ್ ಇನ್ನೂ ಏನೇನೋ ಹೇಳಿದಳು, ಹರಿಣಾಕ್ಷಿ ಹೂಂಗುಟ್ಟುತ್ತ ಕೇಳಿದರು. ಅಷ್ಟು ಹೊತ್ತು ಅವರ ಜೊತೆ ಯಾರೂ ಮಾತಾಡಿದ್ದನ್ನು ನಾನು ನೋಡಿಯೇ ಇಲ್ಲ. ಇನ್ನು ನಿಮ್ಮ ಕೆಲಸ ಕೆಡಿಸುವುದಿಲ್ಲ ಎಂದು ಆಕೆ ಹೇಳಿದಾಗ, "ಇಲ್ಲ, ಕೆಲಸ ಎಂತದೂ ಇಲ್ಲ" ಎಂದು ಕನ್ನಡದಲ್ಲೇ ಹೇಳಿಬಿಟ್ಟು, ಮತ್ತೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದರು.

ಫೋನಿಟ್ಟು ತಲೆಯೆತ್ತಿದಾಗ ಅವರಿಗೆ ನಾನು ಕಂಡೆ. ಕಣ್ಣೊರೆಸಿಕೊಂಡು ಕೈ ಚಾಚಿದರು. ಕಾಗದ ಏನೆಂದು ಕೇಳಬೇಕಾಗಿರಲಿಲ್ಲ. ಪೆನ್ನು ಹುಡುಕಿ, ನಾನು ಪೆನ್ಸಿಲಿನಿಂದ ಗುರುತು ಮಾಡಿದ ಎರಡು ಕಡೆಯೂ ಸಹಿ ಹಾಕಿದರು. ಆ ಕಾಗದದಲ್ಲಿ, ಕೆಲಸದಿಂದ ಬಿಡುಗಡೆಗೆ ಕಾರಣ ಎಂಬಲ್ಲಿ, "ನೌಕರರ ಸ್ವಂತ ಲೋಪ" ಎಂದು ನಾನು ಟೈಪು ಮಾಡಿದ್ದೆ.

"ಒಮ್ಮೆ ಓದಿ ನೋಡಿ" ಎಂದೆ. ಅಷ್ಟನ್ನು ಹೇಳುವ ಧೈರ್ಯ ಮಾತ್ರ ಬಂತು.

"ಓದುದು ಎಂತಕ್ಕೆ ಸರ್?" ಎಂದು ಕಾಗದವನ್ನು ನನ್ನ ಕಡೆಗೆ ಸರಿಸಿದರು. "ನೀವು ಬರೆದದ್ದಲ್ವಾ, ಸರಿಯೇ ಇರ್ತದೆ."

ನಾನು ಅದನ್ನು ಫೈಲಿನಲ್ಲಿಟ್ಟುಕೊಂಡು ನನ್ನ ಕೋಣೆಗೆ ಬಂದೆ.